ಶಿಖರವು ಅರ್ಧ ದಾರಿ

ಮಳೆಗಾಲವು ಕಳೆದು ಹೊಳೆಗಳು ತಿಳಿಯಾಗುತ್ತಲೇ ಮನೆಮನೆಗಳಲ್ಲಿಯೂ ಬೆಟ್ಟ ಹತ್ತುವ ಮಾತು ಹುಟ್ಟುವುದುಂಟು. ಮಕ್ಕಳು ಹಟ ಹಿಡಿಯುವರು. ತರುಣರು ದಿನವನ್ನು ಗೊತ್ತುಮಾಡುವರು. ತಾಯಂದಿರು ಬುತ್ತಿಯ ಚಿಂತೆಯಲ್ಲಿ ತೊಡಗುವರು. ಇದು ಸಂತೋಷದ ವಿಷಯವೇ ಸರಿ. ಆದರೆ ಎಷ್ಟು ಹೊತ್ತಿಗೆ ತುದಿಯನ್ನು ಮುಟ್ಟುವೆವೆಂದು ಎಲ್ಲರೂ ಲೆಕ್ಕ ಹಾಕುವರು. ಎಷ್ಟು ಹೊತ್ತಿಗೆ ಹಿಂದಿರುಗಬೇಕೆಂದು ಲೆಕ್ಕ ಹಾಕುವವರು ವಿರಳ. ಈ ತಿಂಗಳು ನಮ್ಮ ವಾಚಕರೊಡನೆ ಆ ಲೆಕ್ಕವನ್ನೇ ಮಾಡೋಣವೆಂದಿರುವೆವು.

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಪುಷ್ಪಗಿರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಕುಮಾರಪರ್ವತವೆಂದು ಪ್ರಸಿದ್ಧವಾದ ಬೆಟ್ಟವೂ ಇದೇ. ಎತ್ತರವು 1,712 ಮೀಟರು. 1,748 ಮೀಟರಿನ ತಡಿಯಂಡಮೋಳನ್ನು ಬಿಟ್ಟರೆ ಕೊಡಗಿನಲ್ಲಿ ಇದೇ ಉನ್ನತವಾದುದು. ಸೋಮವಾರಪೇಟೆಯ ಕಡೆಯಿಂದ ಬೀದಳ್ಳಿಯ ಮೇಲೆ ಹೋಗುವ ದಾರಿಯು ಮೋಟು. ಪಶ್ಚಿಮದಲ್ಲಿ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಡುವ ದಾರಿಯಾದರೋ ಸುಮಾರು 13 ಕಿಲೋಮೀಟರು; 1,500 ಮೀಟರಿಗೂ ಮಿಕ್ಕ ಏರು. ಮೊದಲು ದಟ್ಟವಾದ ಕಾಡು, ಬಳಿಕ ಭಟ್ಟರ ಮನೆ, ಅದರಾಚೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ. ಅಲ್ಲಿಂದ ಒಮ್ಮೆ ಇಳಿದು, ಮರಗಳ ನಡುವೆ ಬಂಡೆಯನ್ನು ಹತ್ತಿದ ಮೇಲೆಯೇ ತುದಿಯು ದೊರೆಯುವುದು. ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆಯ ಅಪ್ಪಣೆಯಿಲ್ಲ. ಆದುದರಿಂದ ಎಲ್ಲವೂ ಒಂದೇ ಹಗಲಿನಲ್ಲಿ ಮುಗಿಯತಕ್ಕದ್ದು.

ಇನ್ನು ಲೆಕ್ಕಕ್ಕೆ ಬರೋಣ. ಮಾರ್ಗಶಿರದಲ್ಲಿ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಕೈಗೆ ಸಿಕ್ಕುವುದು 12 ಗಂಟೆ. ಒಳ್ಳೆಯ ನಡಿಗೆಯವರಿಗೂ ಈ ದಾರಿಯಲ್ಲಿ ಏರಲು ಸುಮಾರು 6 ಗಂಟೆ, ಇಳಿಯಲು 5 ಗಂಟೆ ಬೇಕು. ಉಳಿದುದು ಒಂದೇ ಗಂಟೆ. ಬುತ್ತಿ, ವಿಶ್ರಾಂತಿ, ಉಳುಕಿದ ಕಾಲು, ಕವಿದ ಮಂಜು, ಎಲ್ಲವೂ ಅದರೊಳಗೇ ಅಡಗಬೇಕು. ಕಾಡಿನೊಳಗಾದರೋ ಕತ್ತಲೆಯು ಹೊರಗಿಗಿಂತ ಮೊದಲೇ ಬರುವುದು. ದಾರಿಯ ಕೊನೆಯ ಭಾಗವೂ ಕಾಡೇ. ಹಾಗಾದರೆ ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂದಿರುಗಬೇಕೆಂಬುದು ಸ್ಪಷ್ಟವಷ್ಟೆ.

ಇಳಿಯುವುದು ಸುಲಭವೆಂದು ಕೆಲವರು ಎಣಿಸುವರು. ಉಸಿರಿಗೆ ಅದು ಸುಲಭವೇನೋ ನಿಜ. ಆದರೆ ಪ್ರತಿ ಹೆಜ್ಜೆಯಲ್ಲಿಯೂ ಮೈಭಾರವನ್ನು ತಡೆದು ನಿಲ್ಲಿಸುವ ಕೆಲಸವು ತೊಡೆಯ ಸ್ನಾಯುಗಳಿಗೆ ಬೀಳುವುದು. ಅವು ಆ ಹೊತ್ತಿಗೆ ದಣಿದಿರುವುವು. ಮೊಣಕಾಲು ನಡುಗುವುದು, ಕಾಲು ಜಾರುವುದು ಆಗಲೇ.

ಹಿಮಾಲಯದಲ್ಲಿಯೂ ಇದೇ ಪಾಠ. 1996ರ ಮೇ 10ರಂದು ಎವರೆಸ್ಟನ್ನು ಏರುತ್ತಿದ್ದವರಲ್ಲಿ ಹಲವರು ಮಧ್ಯಾಹ್ನ 2 ಗಂಟೆ ಮೀರಿದ ಮೇಲೂ ಹಿಂದಿರುಗಲಿಲ್ಲ. ಬಿರುಗಾಳಿಯೆದ್ದಿತು, ಆ ದಿನವೂ ಮರುದಿನವೂ ಸೇರಿ 8 ಮಂದಿ ಮಡಿದರು. ಅವರಲ್ಲಿ ನುರಿತ ಮಾರ್ಗದರ್ಶಕರೂ ಇದ್ದರು.

ನಮ್ಮ ಬೆಟ್ಟದಲ್ಲಿ ಹಿಂದಿರುಗಲು ಮನಸ್ಸು ಒಪ್ಪದಿರುವುದಕ್ಕೆ ಈಗ ಮತ್ತೊಂದು ಕಾರಣ ಸೇರಿದೆ. 2024ರ ಜನವರಿಯ ಕೊನೆಯಲ್ಲಿ ಸಾವಿರಾರು ಮಂದಿ ಇಲ್ಲಿ ಒಮ್ಮೆಗೇ ನೆರೆದುದರಿಂದ ಸರ್ಕಾರವು ಬೆಟ್ಟವೇರುವುದನ್ನು ಕೆಲಕಾಲ ತಡೆದು, ಮುಂಗಡವಾಗಿ ಟಿಕೆಟು ಪಡೆಯುವ ಕ್ರಮವನ್ನು ತಂದಿತು. ಕ್ರಮವು ಒಳ್ಳೆಯದೇ. ಆದರೆ ಕಷ್ಟಪಟ್ಟು ಟಿಕೆಟು ದೊರಕಿಸಿಕೊಂಡವರಿಗೆ ತುದಿ ಮುಟ್ಟದೆ ಬರುವುದು ನಷ್ಟವೆಂದು ತೋರುವುದು. ಹಣವೂ ಹಟವೂ ಒಂದು ಕಡೆ ಸೇರಿದರೆ ವಿವೇಕದ ಮಾತು ಕೇಳಿಸದು.

ಆದುದರಿಂದ ತೀರ್ಮಾನವನ್ನು ಬೆಟ್ಟದ ಮೇಲೆ ಮಾಡದೆ, ಹಿಂದಿನ ರಾತ್ರಿ ಮನೆಯಲ್ಲಿಯೇ ಮಾಡತಕ್ಕದ್ದು. ಹಿಂದಿರುಗುವ ಹೊತ್ತನ್ನು ಹಿರಿಯರು ಎಲ್ಲರೆದುರಿಗೆ ಹೇಳಲಿ. ಎಲ್ಲರಿಗಿಂತ ಮೆಲ್ಲಗೆ ನಡೆಯುವವರನ್ನು ಮುಂದೆ ಬಿಡಲಿ; ಹಿಂದೆ ಉಳಿದವರು ನಾಚಿಕೆಯಿಂದ ತಮ್ಮ ಆಯಾಸವನ್ನು ಮರೆಮಾಚುವುದುಂಟು. ಪ್ರತಿಯೊಬ್ಬರ ಚೀಲದಲ್ಲಿಯೂ ಟಾರ್ಚು ಇರಲಿ. ನೀರಿನ ಅರ್ಧವೂ ಬುತ್ತಿಯ ಒಂದು ಪಾಲೂ ಇಳಿಯುವಾಗಿಗೆ ಮೀಸಲಾಗಿರಲಿ. ಒಬ್ಬರು ಸಾಕೆಂದರೆ ಜೊತೆಗೊಬ್ಬರು ಹಿಂದಿರುಗಲಿ. ಅವರನ್ನು ಮನೆಯಲ್ಲಿ ಯಾರೂ ಹಾಸ್ಯ ಮಾಡದಿರಲಿ.

ಬೆಟ್ಟವು ಮುಂದಿನ ವರ್ಷವೂ ಅಲ್ಲಿಯೇ ಇರುವುದು. ಮನೆಯಲ್ಲಿ ದೀಪ ಹಚ್ಚಿಟ್ಟು ಬಾಗಿಲ ಕಡೆಗೆ ನೋಡುತ್ತಿರುವವರು ಕೇಳುವುದು ತುದಿಯನ್ನು ಮುಟ್ಟಿದಿರಾ ಎಂದಲ್ಲ, ಎಲ್ಲರೂ ಬಂದಿರಾ ಎಂದು.