ಮಾರ್ಕ್ಸ್ ಕಾರ್ಡ್ ಏಜೆಂಟನ ಕೈಗೆ ಕೊಡಬೇಡಿ



ಮಸ್ಕಿ ತಾಲೂಕಿನ ಒಂದು ಹಳ್ಳಿಯ ಕೇರಿಯ ಹುಡುಗಿ. ಸಿಂಧನೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಸೈನ್ಸ್ ಮುಗಿಸಿದಳು. ಅಪ್ಪ ಅವ್ವ ಕೂಲಿಯವರು. ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಸಾಹುಕಾರರ ಗದ್ದೆಯಲ್ಲಿ ಭತ್ತ ಹಚ್ಚುತ್ತಾರೆ. ನೀರು ನಿಂತಾಗ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹುಡುಗಿ ಸಿಇಟಿ ಬರೆದಳು, ರ‍್ಯಾಂಕ್ ಬಂತು. "ನಾ ನರ್ಸ್ ಆಗ್ತೀನಿ" ಅಂತ ಇಡೀ ಕೇರಿಗೆ ಹೇಳಿಕೊಂಡು ಬಂದಳು.

ಸೀಟು ಸಿಗಲಿಲ್ಲ. ಆಕೆಗಿಂತ ಹಿಂದಿನ ರ‍್ಯಾಂಕಿನವಳಿಗೆ ಸಿಕ್ಕಿತು. ಯಾಕಂದ್ರೆ ಅವಳ ಕೈಯಲ್ಲಿ 371 ಜೆ ಪ್ರಮಾಣ ಪತ್ರ ಇತ್ತು, ನಮ್ಮ ಹುಡುಗಿ ಕೈಯಲ್ಲಿ ಇರಲಿಲ್ಲ. ಅದು ಬೇಕು ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ಗೊತ್ತಾಗುವ ಹೊತ್ತಿಗೆ ದಾಖಲೆ ತೋರಿಸುವ ದಿನ ದಾಟಿ ಹೋಗಿತ್ತು.

ವಾರ ಕಳೆಯೋದರೊಳಗೆ ಊರಿಗೆ ಏಜೆಂಟ ಬಂದ. ಇಸ್ತ್ರಿ ಮಾಡಿದ ಅಂಗಿ, ಬಣ್ಣಬಣ್ಣದ ಪುಸ್ತಕ. "ಬೆಂಗಳೂರಾಗ ಕಾಲೇಜ್ ಐತಿ, ಫೀಜ್ ಚಿಂತಿ ಬ್ಯಾಡ, ಸ್ಕಾಲರ್‌ಶಿಪ್ಪಿನಾಗ ಮುಗೀತದ, ಈಗ ಅಡ್ವಾನ್ಸ್ ಅಷ್ಟ ಕೊಡ್ರಿ" ಅಂದ. ಅವ್ವ ಕಿವಿಯ ಬೆಂಡೋಲೆ ಒತ್ತೆ ಇಟ್ಟಳು. ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿ.ಸಿ. ಎಲ್ಲವೂ ಅಸಲು, ಅವನ ಚೀಲಕ್ಕೆ ಹೋದವು. ಒಂದು ವರ್ಷ ಆಯಿತು. ಹೇಳಿದಷ್ಟು ಸ್ಕಾಲರ್‌ಶಿಪ್ ಬರಲಿಲ್ಲ, ಹೇಳದ ಫೀಜು ಬಂತು. ಕಟ್ಟಲು ಆಗಲಿಲ್ಲ. ಕಾಲೇಜಿನವರು ಕಾಗದ ಕೊಡಲಿಲ್ಲ. ಈಗ ಆ ಹುಡುಗಿ ಅವ್ವನ ಜೋಡಿ ಭತ್ತ ಹಚ್ಚುತ್ತಿದ್ದಾಳೆ. ಕಾಗದ ಇಲ್ಲದ್ದರಿಂದ ಬೇರೆ ಕಡೆ ಅರ್ಜಿ ಹಾಕಲೂ ಬರುವುದಿಲ್ಲ.

ಆ ಕಾಲೇಜಿನ ಹೆಸರು ನಾವು ಇಲ್ಲಿ ಬರೆಯುವುದಿಲ್ಲ. ಒಂದು ಹೆಸರು ಬರೆದರೆ ಅಂಥ ಉಳಿದವರೆಲ್ಲ ಬಚಾವಾದೆವು ಅಂದುಕೊಳ್ಳುತ್ತಾರೆ. ನಾವು ಹೇಳಬೇಕಾದದ್ದು ಬೇರೆ. ನಮ್ಮ ಮಕ್ಕಳ ಸೀಟು ಪರೀಕ್ಷೆಯ ಹಾಲಿನಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ಕಾಗದದಲ್ಲಿ, ತಾರೀಖಿನಲ್ಲಿ, ಏಜೆಂಟನ ಚೀಲದಲ್ಲಿ ಹೋಗುತ್ತಿದೆ. ಇದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ.

ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಮೀಟಿಂಗಿನಲ್ಲಿ ಒಬ್ಬ ಗೆಳೆಯ ಎದ್ದು ನಿಂತು ಕೇಳಿದ: "ತಲೆತಲಾಂತರದಿಂದ ಮಂದಿ ಹೇಸಿಗೆ ಬಳಿದವರು ನಾವು. ಈಗ ಓದಿದ ಮೇಲೂ ನಮ್ಮ ಹುಡುಗಿಯರು ಮಂದಿ ಹೇಸಿಗೆ ತೊಳೀಬೇಕೇನು?" ಸಿಟ್ಟು ಸರಿಯಾದದ್ದೇ. ಆದರೆ ವಿಚಾರ ಮಾಡಿರಿ. ನಮ್ಮ ಅಜ್ಜಿಯರು ಸೂಲಗಿತ್ತಿಯರಾಗಿದ್ದರು. ಮೇಲ್ಜಾತಿಯ ಮನೆಯಲ್ಲಿ ಹೆರಿಗೆ ನೋವು ಎದ್ದಾಗ ನಡುರಾತ್ರಿ ಕೇರಿಗೆ ಆಳು ಬರುತ್ತಿದ್ದ. ಕೂಸನ್ನು ಮೊದಲು ಮುಟ್ಟುವ ಕೈ, ಹೊಕ್ಕುಳ ಬಳ್ಳಿ ಕೊಯ್ಯುವ ಕೈ ನಮ್ಮದು. ಆವಾಗ ಮೈಲಿಗೆ ಇಲ್ಲ. ಕೂಸು ಅತ್ತು, ತಾಯಿ ಬದುಕಿದ ಮೇಲೆ ಅದೇ ಕೈಗೆ ಒಂದು ಹಳೇ ಸೀರೆ, ಒಂದು ಸೇರು ಜೋಳ ಮೇಲಿಂದ ಹಾಕಿ, ಮನೆ ತೊಳೆದುಕೊಂಡರು. ಆ ಕೈಯಲ್ಲಿ ವಿದ್ಯೆ ಇತ್ತು. ಅದಕ್ಕೆ ಪಗಾರ ಇರಲಿಲ್ಲ, ಸರ್ಟಿಫಿಕೇಟ್ ಇರಲಿಲ್ಲ, "ಬರೋದಿಲ್ಲ" ಅನ್ನುವ ಹಕ್ಕು ಇರಲಿಲ್ಲ.

ನರ್ಸ್ ಆದವಳಿಗೆ ಇವು ಮೂರೂ ಇವೆ. ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಣಿ ಆಗುತ್ತದೆ, ತಿಂಗಳಿಗೆ ಪಗಾರ ಬರುತ್ತದೆ, ಜಾತಿ ಕಟ್ಟುಪಾಡಿನ ಹೆಸರಿನಲ್ಲಿ ಯಾರೂ ಆಕೆಯನ್ನು ಬಿಟ್ಟಿ ದುಡಿಸಲು ಬರುವುದಿಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಓದು ಬಾರದವರು, ಅಜ್ಜಿಯಿಂದ ಕಲಿತವರು. ಸಾವಿರಾರು ಹೆರಿಗೆ ಮಾಡಿಸಿದ ಮೇಲೆ, ಮುಪ್ಪಿನಲ್ಲಿ, 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅಂಥ ಸಾವಿರ ಅಜ್ಜಿಯರಿಗೆ ಏನೂ ಸಿಗಲಿಲ್ಲ. ಸಾವಿತ್ರಿಬಾಯಿ ಫುಲೆಯವರು ಪುಣೆಯ ಪ್ಲೇಗಿನಲ್ಲಿ ರೋಗಿಗಳ ಆರೈಕೆ ಮಾಡುತ್ತ, ತಮಗೂ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗಿಯನ್ನು ಮುಟ್ಟುವುದು ಕೀಳು ಕೆಲಸ ಅನ್ನುವವರು ಈ ತಾಯಿಯನ್ನು ನೆನಪು ಮಾಡಿಕೊಳ್ಳಲಿ. ಹುಡುಗರಿಗೂ ಇದೇ ಮಾತು. ನರ್ಸಿಂಗ್ ಹೆಣ್ಣುಮಕ್ಕಳದು ಮಾತ್ರ ಅಂತ ನಾಚಿಕೊಂಡು ಮನೆಯಲ್ಲಿ ಕೂತವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಡಾಕ್ಟರ್ ಆಗುವವರು ಡಾಕ್ಟರ್ ಆಗಲಿ, ನಾವು ಯಾರ ಆಸೆಯನ್ನೂ ಕುಗ್ಗಿಸುವುದಿಲ್ಲ.

ಇನ್ನು ಬಾಗಿಲುಗಳ ವಿಷಯ. ನರ್ಸಿಂಗಿಗೆ ಒಂದೇ ಬಾಗಿಲು ಇಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಬೇಕು. ಸಾಮಾನ್ಯ ವರ್ಗದವರಿಗೆ 45 ಪರ್ಸೆಂಟ್, ಪರಿಶಿಷ್ಟರಿಗೆ 40. ಇದರ ಸರ್ಕಾರಿ ಕೋಟಾದ ಸೀಟು ಹಂಚುವುದು ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಬರೆದವರಿಗೆ. ಜಿ.ಎನ್.ಎಂ. ಮೂರು ವರ್ಷ. ಆರ್ಟ್ಸ್ ಓದಿದವರಿಗೂ ಈ ಬಾಗಿಲು ತೆರೆದಿದೆ, ಇಂಗ್ಲಿಷಿನಲ್ಲಿ ಪಾಸಾಗಿ 40 ಪರ್ಸೆಂಟ್ ಇರಬೇಕು. ಮುಂದೆ ಎರಡು ವರ್ಷ ಓದಿ ಇವರೂ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಳ್ಳಬಹುದು. ಎ.ಎನ್.ಎಂ. ಎರಡು ವರ್ಷ, ಹೆಣ್ಣುಮಕ್ಕಳಿಗೆ. "ನಾ ಆರ್ಟ್ಸ್, ನನಗ ನರ್ಸಿಂಗ್ ಇಲ್ಲ" ಅಂತ ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಒಬ್ಬಳು ನಮಗೇ ಹೇಳಿದಳು. ಆಕೆಗೆ ಅಷ್ಟು ಮಾತು ತಿಳಿಸುವವರೂ ಇರಲಿಲ್ಲ.

ಈಗ ಕಾಗದ. ಸಂವಿಧಾನದ 371 ಜೆ ಕಲಮು ಸುಮ್ಮನೆ ಬಂದದ್ದಲ್ಲ, ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಜಾರಿಗೆ ಬಂದದ್ದು 2013ರಲ್ಲಿ. ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು, ಹೊರಗಿನ ಕಾಲೇಜುಗಳಲ್ಲಿ 8 ಪರ್ಸೆಂಟ್ ಸೀಟು ಇಲ್ಲಿಯ ಮಕ್ಕಳಿಗೆ. ಪರಿಶಿಷ್ಟರ ಮೀಸಲಾತಿಯ ಜೋಡಿ ಇದೂ ನಮಗೆ ಸಿಗುತ್ತದೆ. ಆದರೆ ಪ್ರಮಾಣ ಪತ್ರ ಇದ್ದರೆ ಮಾತ್ರ. ಅದನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು, ನಮಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಸಿಂಧನೂರಿನವರು, ಮಸ್ಕಿಯವರು ಬಸ್ಸು ಹತ್ತಿ ಹೋಗಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಒಂದೇ ದಿನಕ್ಕೆ ಮುಗಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಅದಕ್ಕೇ ರಿಸಲ್ಟ್ ಬಂದ ಮೇಲೆ ಓಡಬೇಡಿ. ಎರಡನೇ ಪಿಯುಸಿಯ ದಸರಾ ರಜೆಯಲ್ಲೇ ಅರ್ಜಿ ಕೊಡಿ.

ಜಾತಿ, ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ. ಅದರ ಮೇಲಿನ ಆರ್.ಡಿ. ನಂಬರನ್ನು ಅರ್ಜಿಯಲ್ಲಿ ತುಂಬಬೇಕು. ಒಂದು ಅಂಕಿ ತಪ್ಪಿದರೂ ಪರಿಶಿಷ್ಟ ಜಾತಿಯ ಹುಡುಗಿ ಕಂಪ್ಯೂಟರಿನಲ್ಲಿ ಸಾಮಾನ್ಯ ವರ್ಗಕ್ಕೆ ಹೋಗಿ ಬೀಳುತ್ತಾಳೆ. ಮನೆಯ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿದ್ದರೆ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಇದೆ. ಅದಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು, ಮಾರ್ಕ್ಸ್ ಕಾರ್ಡಿನ ಹೆಸರೂ ಆಧಾರಿನ ಹೆಸರೂ ಒಂದೇ ಇರಬೇಕು. ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತನೇ ಇಯತ್ತೆ ತನಕ ಓದಿದವರಿಗೆ ಬೇರೆ ಮೀಸಲಾತಿ ಇದೆ. ಓದಿದ ಸಾಲಿಯಿಂದ ಪತ್ರ ಬರೆಸಿ, ಬಿಇಒ ಸಹಿ ಮಾಡಿಸಬೇಕು.

ಇಲ್ಲೊಂದು ಅನ್ಯಾಯವನ್ನೂ ಹೇಳಲೇಬೇಕು. ಗ್ರಾಮೀಣ ಮೀಸಲಾತಿ ಬೇಕಾದರೆ ಹತ್ತೂ ವರ್ಷ ಹಳ್ಳಿಯ ಸಾಲಿಯಲ್ಲೇ ಓದಿರಬೇಕು. ನಮ್ಮ ಮಕ್ಕಳು ಏನು ಮಾಡುತ್ತಾರೆ? ಊರಲ್ಲಿ ಹೈಸ್ಕೂಲ್ ಇಲ್ಲ, ಮನೆಯಲ್ಲಿ ಊಟಕ್ಕೆ ಇಲ್ಲ ಅಂತ ಎಂಟನೇ ಇಯತ್ತೆಗೆ ಪಟ್ಟಣದ ಹಾಸ್ಟೆಲಿಗೆ ಬರುತ್ತಾರೆ. ಸರ್ಕಾರವೇ ಕರೆದು ಸೇರಿಸಿಕೊಳ್ಳುತ್ತದೆ. ಅಷ್ಟಕ್ಕೇ ಅವರು ಪಟ್ಟಣದವರಾಗಿಬಿಡುತ್ತಾರೆ! ಅಪ್ಪ ಅವ್ವ ಇನ್ನೂ ಕೇರಿಯ ತಗಡಿನ ಮನೆಯಲ್ಲೇ ಇದ್ದಾರೆ. ಹಾಸ್ಟೆಲಿನಲ್ಲಿ ಕಳೆದ ವರ್ಷಗಳನ್ನು ಹುಟ್ಟಿದ ಹಳ್ಳಿಯ ಲೆಕ್ಕಕ್ಕೇ ಹಿಡಿಯಬೇಕು. ಇದು ನಮ್ಮ ಬೇಡಿಕೆ, ಇದನ್ನು ನಾವು ಬಿಡುವುದಿಲ್ಲ.

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವಂತಿಲ್ಲ. ಮೂರೂ ತಾಲೂಕಿನ ಹಾಸ್ಟೆಲಿನವರು ಇಷ್ಟು ಮಾಡಿರಿ.

ಹಾಸ್ಟೆಲಿಗೊಂದು ನೋಟ್‌ಬುಕ್ ಇಡಿ. ಎರಡನೇ ಪಿಯುಸಿಯ ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ಕಾಗದ ಆಗಿದೆ, ಯಾವುದು ಬಾಕಿ ಇದೆ ಬರೆಯಿರಿ. ತಿಂಗಳಿಗೊಮ್ಮೆ ಎಲ್ಲರೂ ಕೂತು ಓದಿರಿ. ಲಿಂಗಸುಗೂರಿನ ಕಚೇರಿಗೆ ಒಬ್ಬೊಬ್ಬರೇ ಹೋಗಬೇಡಿ, ಹತ್ತು ಜನ ಕೂಡಿ ಹೋಗಿರಿ. ಒಬ್ಬಳನ್ನು "ನಾಳೆ ಬಾ" ಅಂದಷ್ಟು ಸುಲಭವಾಗಿ ಹತ್ತು ಜನರನ್ನು ಅನ್ನಲಾಗುವುದಿಲ್ಲ.

ಸಿಇಟಿ ಅರ್ಜಿಯಲ್ಲಿ ನಿಮ್ಮ ಅಥವಾ ಮನೆಯವರ ಫೋನ್ ನಂಬರನ್ನೇ ಕೊಡಿ. ಸೈಬರ್ ಅಂಗಡಿಯವನ ನಂಬರ್ ಕೊಟ್ಟವರಿಗೆ ಸುದ್ದಿ ಮುಟ್ಟುವುದೇ ಇಲ್ಲ. 2024ರಲ್ಲೂ 2025ರಲ್ಲೂ ಅರ್ಜಿ ಕರೆದದ್ದು ಜನವರಿಯಲ್ಲಿ, ಪರೀಕ್ಷೆ ನಡೆದದ್ದು ಏಪ್ರಿಲಿನಲ್ಲಿ. ಸಂಕ್ರಾಂತಿ ಹೊತ್ತಿಗೆ ಎಚ್ಚರ ಇರಲಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಬರಬೇಡಿ.

ಆಪ್ಷನ್ ಎಂಟ್ರಿ ದಿನ ಹಿರಿಯರನ್ನು ಕೂರಿಸಿಕೊಂಡು ತುಂಬಿರಿ. ಎರಡು ಮೂರು ಕಾಲೇಜು ಬರೆದು ಬಿಡಬೇಡಿ, ಹೋಗಲು ತಯಾರಿರುವ ಅಷ್ಟೂ ಕಾಲೇಜು ಬರೆಯಿರಿ. ಸೀಟು ಬಂದ ಮೇಲೆ ಚಾಯ್ಸ್ ಕೇಳುತ್ತಾರೆ. ಒಂದನೆಯದು ಅಂದರೆ ಇದೇ ಸಾಕು. ಎರಡನೆಯದು ಅಂದರೆ ಇದು ಇರಲಿ, ಇದಕ್ಕಿಂತ ಒಳ್ಳೇದು ಬಂದರೆ ನೋಡೋಣ. ಮೂರನೆಯದು ಒತ್ತಿದರೆ ಕೈಗೆ ಬಂದ ಸೀಟು ಬಿಟ್ಟು ಮುಂದಿನ ಸುತ್ತಿಗೆ ಕಾಯುತ್ತೇನೆ ಅಂತ ಅರ್ಥ. ಇದು ತಿಳಿಯದೆ ಮೂರನ್ನು ಒತ್ತಿ ಅತ್ತವರಿದ್ದಾರೆ.

ಏಜೆಂಟ ಬಂದರೆ ಕೇರಿಯಲ್ಲಿ ನಾಲ್ಕು ಜನರ ಮುಂದೆ ಕೂರಿಸಿ ಕೇಳಿರಿ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಅಥವಾ ಜಿ.ಎನ್.ಎಂ. ಆದರೆ ನರ್ಸಿಂಗ್ ಮಂಡಳಿಯ ಮಾನ್ಯತೆ ಇದೆಯೇ? ಕಾಲೇಜಿಗೆ ಸೇರಿದ ಆಸ್ಪತ್ರೆ ಯಾವುದು, ಹಾಸಿಗೆ ಎಷ್ಟು? ನಾಲ್ಕು ವರ್ಷದ ಪೂರಾ ಫೀಜು ಎಷ್ಟು, ಬರೆದು ಸಹಿ ಮಾಡಿಕೊಡುತ್ತೀಯಾ? ಬಹಳ ಮಂದಿ ಅಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಾರೆ. ಅಸಲು ಮಾರ್ಕ್ಸ್ ಕಾರ್ಡನ್ನು ಅವನ ಕೈಗೆ ಮಾತ್ರ ಕೊಡಬೇಡಿ. ಅಸಲು ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಈಗಾಗಲೇ ಸಿಕ್ಕಿಬಿದ್ದವರು ಹೆದರಿ ಸುಮ್ಮನೆ ಕೂರಬೇಡಿ. ನಮ್ಮನ್ನು ಮೀಟಿಂಗಿನಲ್ಲಿ ಕಾಣಿರಿ. ಮೇಲಿನ ಆ ತಂಗಿಯ ಕಾಗದ ಬಿಡಿಸಲು ಅರ್ಜಿ ಬರೆದಿದ್ದೇವೆ, ಬಿಡಿಸುವ ತನಕ ಅಲೆಯುತ್ತೇವೆ.

2022ರ ಮೇ ತಿಂಗಳಿನಿಂದ ರಾಯಚೂರಿನಲ್ಲಿ ಏಮ್ಸ್ ಬೇಕು ಅಂತ ಜನ ಧರಣಿ ಕೂತರು. ನಾವೂ ಹೋಗಿ ಕೂತಿದ್ದೇವೆ. ದೊಡ್ಡ ಆಸ್ಪತ್ರೆ ಬರಲಿ. ಆದರೆ ಬಂದ ದಿನ ಅದರೊಳಗೆ ಬಿಳಿ ಕೋಟು ಹಾಕಿಕೊಂಡು ಬೇರೆಯವರು ಓಡಾಡಿ, ನಮ್ಮವರು ಬರೀ ಕಸಬರಿಗೆ ಹಿಡಿದು ನಿಂತರೆ ಆ ಹೋರಾಟದಿಂದ ನಮಗೆ ಬಂದದ್ದೇನು?

ಕಡೆಯದಾಗಿ ಒಂದು ಮಾತು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರಿನ ಕಣ್ಣಿಗೆ ಬಿತ್ತು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಲೋಕಕ್ಕೆ ಖಾತ್ರಿಯಾದದ್ದು ಈ ಕಲ್ಲಿನಿಂದ. ಪುಸ್ತಕದಲ್ಲಿ ಇಷ್ಟು ಓದಿ ಮಾರ್ಕ್ಸ್ ತಗೊಳ್ಳುತ್ತೇವೆ. ಆದರೆ ಆ ಕಲ್ಲಿನಲ್ಲಿ ಇನ್ನೊಂದು ಮಾತಿದೆ. ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಇದು ಸಾಧ್ಯ, ದೊಡ್ಡವರಿಗೆ ಮಾತ್ರ ಅಂತ ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಅನ್ನುವುದು ಅದರ ತಾತ್ಪರ್ಯ. ರಾಜ ಹೇಳಿದ್ದು ಧರ್ಮದ ಮಾತು. ಇಂದು ನಾವು ಅದನ್ನು ಓದಿಗೂ ಸೀಟಿಗೂ ಹೇಳುತ್ತೇವೆ. ಎರಡು ಸಾವಿರ ವರ್ಷಕ್ಕೂ ಮೀರಿ ಈ ಮಾತು ನಮ್ಮ ಊರಿನ ಬಂಡೆಯ ಮೇಲೇ ಇತ್ತು. ಓದಲು ನಮಗೆ ಅಕ್ಷರ ಕೊಟ್ಟಿರಲಿಲ್ಲ. ಈಗ ಅಕ್ಷರ ಬಂದಿದೆ.

ಈ ದಸರಾ ರಜೆಗೆ ಊರಿಗೆ ಹೋಗುವ ಮುಂಚೆ ನೋಟ್‌ಬುಕ್ ಶುರು ಮಾಡಿರಿ. ಮುಂದಿನ ಮೀಟಿಂಗಿಗೆ ಬರುವಾಗ ಅದನ್ನು ಜೊತೆಗೆ ತನ್ನಿರಿ. ನಾವು ಕೇಳುತ್ತೇವೆ.

ಜೈ ಭೀಮ್.