ಎರಡು ಸೊನ್ನೆಗಳ ಕಥೆ

ಕಳೆದ ತಿಂಗಳು ದೊಡ್ಡಮ್ಮನ ಮನೆಗೆ ಹೋಗಿದ್ದೆ. ಕಾಲು ತೊಳೆದು ಒಳಗೆ ಬರುತ್ತಿದ್ದಂತೆ ಅವರು ದೇವರ ಕೋಣೆಯ ಕಪಾಟಿನಿಂದ ಒಂದು ಸಿ.ಡಿ. ತಂದು ನನ್ನ ಕೈಗಿಟ್ಟರು. ಮೇಲೆ ದೊಡ್ಡಪ್ಪನ ದುಂಡು ಅಕ್ಷರ: ‘ನೆನಪುಗಳು, 2003’.

ದೊಡ್ಡಪ್ಪ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಮಗ ತಂದುಕೊಟ್ಟ ಕಂಪ್ಯೂಟರಿನ ಮುಂದೆ ಕೂತು, ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ತಮ್ಮ ನೆನಪುಗಳನ್ನೆಲ್ಲ ಟೈಪು ಮಾಡಿದ್ದರು. ಅವರು ಹೋಗಿ ಹತ್ತು ವರ್ಷವಾಯಿತು. ಆಮೇಲೊಮ್ಮೆ ಪ್ರಿಂಟ್ ಹಾಕಿಸಲು ಪೇಟೆಯ ಅಂಗಡಿಗೆ ಕೊಟ್ಟಾಗ, “ಫೈಲು ಕೆಟ್ಟುಹೋಗಿದೆ, ಏನೂ ಬರುವುದಿಲ್ಲ” ಎಂದು ವಾಪಸು ಕಳಿಸಿದ್ದರಂತೆ. ಕೆಟ್ಟದ್ದೇ ಆದರೂ ಎಸೆಯಲು ದೊಡ್ಡಮ್ಮನಿಗೆ ಮನಸ್ಸು ಬಂದಿರಲಿಲ್ಲ.

“ನನಗೆ ಒಂದೇ ಒಂದು ನೋಡಬೇಕಿತ್ತು ಕಣೋ. ಇಷ್ಟು ವರ್ಷ ಸಂಸಾರ ಮಾಡಿದರೂ ಒಂದು ದಿನ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ‘ಇವಳೇ’, ‘ಕೇಳಿಸಿತಾ’, ಅಷ್ಟೇ. ಅದರಲ್ಲಾದರೂ ನನ್ನ ಹೆಸರು ಬರೆದಿದ್ದಾರೋ ಏನೋ” ಎಂದರು.

ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ದೊಡ್ಡಮ್ಮನಿಗೆ ಇಷ್ಟವಿಲ್ಲ. ಅದರ ನಡುವೆ ಒಂದು ಸೊನ್ನೆ ಇದೆ ಎಂದಷ್ಟೇ ಹೇಳುತ್ತೇನೆ. ನೆನಪಿಟ್ಟುಕೊಳ್ಳಿ.

ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ನನ್ನ ಹಳೆಯ ಸಿ.ಡಿ. ಡ್ರೈವನ್ನು ತಂತಿಯಲ್ಲಿ ಜೋಡಿಸಿ, ಮೊದಲು ಫೈಲನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ಆ ನಕಲನ್ನು ತೆರೆದೆ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮನ ಮೊಮ್ಮಗಳು, ಏಳನೇ ತರಗತಿಯವಳು, ಕಣ್ಣರಳಿಸಿ ಕೇಳಿದಳು: “ಚಿಕ್ಕಪ್ಪಾ, ಇದು ಯಾವ ದೇಶದ ಭಾಷೆ?”

ತೆರೆಯ ತುಂಬ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ನಡುನಡುವೆ ಬ್ರಿಟನ್ನಿನ ಪೌಂಡ್ ಹಣದ ಗುರುತು. ಅದನ್ನು ಕಂಡದ್ದೇ ನನಗೆ ಹೋದ ಜೀವ ಬಂದಂತಾಯಿತು. “ಕೆಟ್ಟಿಲ್ಲ ದೊಡ್ಡಮ್ಮ, ಇದು ಕನ್ನಡವೇ. ವೇಷ ಮಾತ್ರ ಬೇರೆ” ಎಂದೆ.

ಹೇಗೆ ಗೊತ್ತಾಯಿತು? ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಆ ಕಾಲದ ಫಾಂಟುಗಳಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆಗಳು. ಅವೂ ಇಂಗ್ಲಿಷಿಗೆ ಮತ್ತು ಯುರೋಪಿನ ಕೆಲವು ಭಾಷೆಗಳಿಗೆ ಹಂಚಿಹೋಗಿದ್ದವು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮ್ಮ ಕನ್ನಡಕ್ಕೆ ಅಷ್ಟು ಮನೆಗಳು ಎಲ್ಲಿ ಸಾಕು? ಅದಕ್ಕೆ ಜಾಣರು ಒಂದು ಉಪಾಯ ಮಾಡಿದರು. ಅಕ್ಷರಗಳನ್ನು ತುಂಡು ಮಾಡಿ ಆ ಮನೆಗಳಲ್ಲೇ ಬಾಡಿಗೆಗೆ ಇರಿಸಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕ’ ಅಕ್ಷರದ ಒಡಲು ಪಿ ಮನೆಯಲ್ಲಿದೆ, ತಲೆಕಟ್ಟು ಗೀರು ಹೊತ್ತ ಎ ಮನೆಯಲ್ಲಿದೆ, ‘ನ’ ಅಕ್ಷರದ ಒಡಲು ಪೌಂಡ್ ಗುರುತಿನ ಮನೆಯಲ್ಲಿದೆ. ಫಾಂಟು ಇರುವ ಕಂಪ್ಯೂಟರಿನಲ್ಲಿ ಚೆಂದದ ಕನ್ನಡ ಕಾಣುತ್ತದೆ. ಫಾಂಟು ಇಲ್ಲದಿದ್ದರೆ ಮನೆಯ ಮೂಲ ಮಾಲೀಕರೇ ಹೊರಗೆ ಬಂದು ನಿಲ್ಲುತ್ತಾರೆ! ತಪ್ಪು ‘ನುಡಿ’ಯದ್ದಲ್ಲ. ಆ ದಿನಗಳಲ್ಲಿ ಆ ಉಪಾಯ ಇರದಿದ್ದರೆ ದೊಡ್ಡಪ್ಪ ಕನ್ನಡದಲ್ಲಿ ಟೈಪು ಮಾಡುವುದೇ ಆಗುತ್ತಿರಲಿಲ್ಲ.

ಈಗ ಕನ್ನಡಕ್ಕೆ ಸ್ವಂತ ಮನೆಗಳಿವೆ. ಯೂನಿಕೋಡ್ ಎಂಬ ಜಗತ್ತಿನ ಲಿಪಿಗಳ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳ ಓಣಿ ಮೀಸಲಾಗಿದೆ. ಅಲ್ಲಿ ತುಂಡುಗಳಿಗಲ್ಲ, ಅಕ್ಷರಕ್ಕೇ ಸಂಖ್ಯೆ. ‘ಕನ್ನಡ’ ಎಂದರೆ 3221, 3240, 3277, 3240, 3233. ಅಂದರೆ ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಬರೆಯಲು ಒತ್ತುವ ಐದು ಕೀಲಿಗಳೂ ಇದೇ ಕ್ರಮದಲ್ಲಿ ಬರುತ್ತವೆ. ನಿಮ್ಮ ಫೋನಿನಲ್ಲಿ ಕನ್ನಡ ಸಲೀಸಾಗಿ ಕಾಣುವುದು ಈ ಯೂನಿಕೋಡಿನಿಂದಲೇ.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅಂಕಿಗಳೂ ಕನ್ನಡದಲ್ಲೇ ಇರಲಿ ಎಂದು ಆರಿಸಿ, ಗುಂಡಿ ಒತ್ತಿದೆ. ಪೌಂಡು, ಗೀರು ಎಲ್ಲ ಮಾಯ. ತೆರೆಯ ಮೇಲೆ ದೊಡ್ಡಪ್ಪ ಮಾತಾಡತೊಡಗಿದರು. ದೊಡ್ಡಮ್ಮ ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು. ನಾನು ಹುಡುಕುವ ಕಿಂಡಿಯಲ್ಲಿ ಅವರ ಹೆಸರು ಬರೆದು ಒತ್ತಿದೆ.

‘ಎಲ್ಲಿಯೂ ಸಿಗಲಿಲ್ಲ’ ಎಂದಿತು ಕಂಪ್ಯೂಟರು.

“ಹೋಗಲಿ ಬಿಡು. ನನಗೆ ಗೊತ್ತಿತ್ತು” ಎಂದು ದೊಡ್ಡಮ್ಮ ಕಾಫಿ ಮಾಡಲು ಎದ್ದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಮೊಮ್ಮಗಳು ಮಾತ್ರ ಪುಟ ಸರಿಸುತ್ತ ಓದುತ್ತಲೇ ಇದ್ದಳು. ಒಮ್ಮೆಲೇ “ಅಜ್ಜೀ, ಇಲ್ಲಿದೆ ನಿನ್ನ ಹೆಸರು!” ಎಂದು ಕೂಗಿದಳು. ನೋಡಿದರೆ ಹೌದು, ಇದೆ! ಕಣ್ಣಿಗೆ ಕಾಣುವ ಹೆಸರು ಕಂಪ್ಯೂಟರಿಗೆ ಏಕೆ ಕಾಣಲಿಲ್ಲ? ‘ಅಂಗಳ’, ‘ಸಂತೆ’ ಹುಡುಕಿದೆ. ಅವೂ ಸಿಗಲಿಲ್ಲ. ‘ಮನೆ’ ಹುಡುಕಿದರೆ ಸಾಲುಸಾಲಾಗಿ ಸಿಕ್ಕಿತು. ಆಗ ಹೊಳೆಯಿತು: ಸೊನ್ನೆ ಇರುವ ಪದಗಳು ಮಾತ್ರ ಸಿಗುತ್ತಿಲ್ಲ!

ದೊಡ್ಡಪ್ಪ ಅನುಸ್ವಾರ ಬರೆಯಬೇಕಾದ ಕಡೆಯೆಲ್ಲ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಹೆಸರು ಸೊನ್ನೆಯೇ, ರೂಪವೂ ಹೆಚ್ಚುಕಡಿಮೆ ಒಂದೇ. ಆದರೆ ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ 3202, ಅಂಕಿಯ ಸೊನ್ನೆಯ ಸಂಖ್ಯೆ 3302. ಸರಿಯಾಗಿ ನೂರು ಮನೆ ಆಚೆ! ಕಂಪ್ಯೂಟರು ರೂಪ ನೋಡುವುದಿಲ್ಲ, ಮನೆ ನಂಬರು ನೋಡುತ್ತದೆ.

ಸುಲಭ ಎಂದುಕೊಂಡು ಎಲ್ಲ ಸೊನ್ನೆಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಿಬಿಟ್ಟೆ. “ಅಯ್ಯೋ ಚಿಕ್ಕಪ್ಪಾ, ಈಗ ಇಸವಿಗಳೆಲ್ಲ ಕೆಟ್ಟವಲ್ಲ!” ಎಂದಳು ಹುಡುಗಿ. ನಿಜ, ೧೯೬೦ರಲ್ಲಿದ್ದ ಸೊನ್ನೆಯೂ ಅನುಸ್ವಾರವಾಗಿ ಕೂತಿತ್ತು. ಮೂಲ ಪ್ರತಿ ಬೇರೆ ಇದ್ದದ್ದರಿಂದ ಬಚಾವಾದೆ. ಅವಳೇ ಸ್ವಲ್ಪ ಯೋಚಿಸಿ ಉಪಾಯ ಹೇಳಿದಳು: “ಸೊನ್ನೆಯ ಹಿಂದೆ ಅಂಕಿ ಇದ್ದರೆ ಬಿಟ್ಟುಬಿಡೋಣ. ಅಕ್ಷರ ಇದ್ದರೆ ಬದಲಾಯಿಸೋಣ.” ಅದನ್ನೇ ನಾಲ್ಕು ಸಾಲಿನ ಪ್ರೋಗ್ರಾಮ್ ಆಗಿ ಬರೆದೆ. ನಾನು ಬರೆದ ಪ್ರೋಗ್ರಾಮುಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ.

ಮತ್ತೆ ಹೆಸರು ಹುಡುಕಿದೆವು. ಹನ್ನೊಂದು ಕಡೆ ಸಿಕ್ಕಿತು.

ಮೊಮ್ಮಗಳು ಗಟ್ಟಿಯಾಗಿ ಓದಿದಳು. ಒಂದು ಮಳೆಗಾಲ ಶಾಲೆಯ ಗೋಡೆ ಬಿದ್ದು, ಹದಿನೈದು ದಿನ ಪಾಠ ನಮ್ಮ ಮನೆಯ ಜಗಲಿಯ ಮೇಲೆ ನಡೆಯಿತಂತೆ. ಅಷ್ಟೂ ಮಕ್ಕಳಿಗೆ ಮಧ್ಯಾಹ್ನ ಮಜ್ಜಿಗೆ ಕೊಟ್ಟವಳು ಎಂದು ಬರೆದು, ಅಲ್ಲಿ ದೊಡ್ಡಮ್ಮನ ಹೆಸರು ಹಾಕಿದ್ದರು.

ದೊಡ್ಡಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮಜ್ಜಿಗೆ ಅಲ್ಲ, ಗಂಜಿ. ಆ ಮಳೆಯಲ್ಲಿ ಯಾರಾದರೂ ಮಜ್ಜಿಗೆ ಕೊಡುತ್ತಾರಾ? ಅವರಿಗೆ ಮೊದಲಿಂದಲೂ ಮರೆವು” ಎಂದರು. ಮೊಮ್ಮಗಳು ದೊಡ್ಡಪ್ಪನ ಸಾಲನ್ನು ಮುಟ್ಟದೆ, ಕೆಳಗೆ ‘ಅಜ್ಜಿ ಹೇಳಿದ್ದು: ಗಂಜಿ’ ಎಂದು ಸೇರಿಸಿದಳು. ಈಗ ಪ್ರತಿ ಭಾನುವಾರ ಇಬ್ಬರೂ ಕೂತು ನಾಲ್ಕು ಪುಟ ಓದುತ್ತಾರಂತೆ. ಅಜ್ಜಿಯ ತಿದ್ದುಪಡಿಗಳೇ ಒಂದು ಪುಸ್ತಕವಾಗುವ ಹಾಗಿದೆ.

ನಿಮ್ಮ ಮನೆಯಲ್ಲೂ ಇಂಥ ಸಿ.ಡಿ., ಪೆನ್ ಡ್ರೈವ್ ಇದ್ದರೆ ‘ಕೆಟ್ಟಿದೆ’ ಎಂದು ಎಸೆಯಬೇಡಿ. ಮೊದಲು ಒಂದು ನಕಲು ಮಾಡಿಟ್ಟುಕೊಳ್ಳಿ, ಏನೇ ಮಾಡಿದರೂ ನಕಲಿನ ಮೇಲೆ ಮಾಡಿ. ಪೌಂಡಿನ ಗುರುತು ಮತ್ತೆ ಮತ್ತೆ ಕಂಡರೆ ಅದು ಕನ್ನಡವೇ ಇರಬಹುದು. ‘ನುಡಿ’, ‘ಬರಹ’ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಮನೆಯ ಖಾಸಗಿ ಬರಹವನ್ನು ಗುರುತು ಪರಿಚಯ ಇಲ್ಲದ ಜಾಲತಾಣಕ್ಕೆ ಹಾಕದೆ, ನಿಮ್ಮ ಕಂಪ್ಯೂಟರಿನಲ್ಲೇ ತಿರುಗಿಸಿಕೊಳ್ಳಿ. ಕೊನೆಗೆ ಮನೆಯ ಹಿರಿಯರ ಮುಂದೆ ಕೂತು ಗಟ್ಟಿಯಾಗಿ ಓದಿ. ಮಜ್ಜಿಗೆಯೋ ಗಂಜಿಯೋ ಎಂದು ಹೇಳುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.