ಮಂಡ್ಯದ ಲಿಥಿಯಂ, ತೊಣ್ಣೂರಿನ ಸೈಕಲ್

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಭಾಗದ ಬಂಡೆಗಳಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂದಾಜು ಬರೀ 1,600 ಟನ್. ಅಂಕಿ ಇಳಿದಂತೆ ಸಡಗರವೂ ಇಳಿಯಿತು. ಆದರೆ ಕೇಳಬೇಕಾದ ಪ್ರಶ್ನೆ ಹಾಗೇ ಉಳಿದಿದೆ: ಲಿಥಿಯಂ ಇಷ್ಟು ದುರ್ಲಭವಾದ ದೇಶ ಅದನ್ನು ಯಾವ ವಾಹನಕ್ಕೆ ಬಳಸಬೇಕು?

ಸಾಧಾರಣ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ಅಂದರೆ 360 ವ್ಯಾಟ್-ಅವರ್. 40 ಕಿಲೋವ್ಯಾಟ್-ಅವರ್ ಸಾಮರ್ಥ್ಯದ ಒಂದೇ ಒಂದು ಕಾರಿನ ಬ್ಯಾಟರಿಯಲ್ಲಿ ಇಂಥ ನೂರಕ್ಕೂ ಹೆಚ್ಚು ಸೈಕಲ್‌ಗಳನ್ನು ಓಡಿಸಬಹುದು. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ವಿದ್ಯುತ್ತೂ ಬೇಡ, ಊರಿಗೆ ಚಾರ್ಜಿಂಗ್ ಸ್ಟೇಷನ್ ಬರಲೆಂದು ಕಾಯಬೇಕಾಗಿಯೂ ಇಲ್ಲ. ಮೊಬೈಲಿಗೆ ಹಾಕುವ ಪ್ಲಗ್ಗೇ ಸಾಕು.

ಮಂಡ್ಯ ಜಿಲ್ಲೆಯ ತೊಣ್ಣೂರಿನಂಥ ಊರಿಗೆ ಹೇಳಿ ಮಾಡಿಸಿದ ವಾಹನವಿದು. ಪಾಂಡವಪುರಕ್ಕೆ ಹೋಗಿಬರುವ ದಾರಿ ಒಂದು ಚಾರ್ಜಿನೊಳಗೇ ಮುಗಿಯುತ್ತದೆ. ರಾಮಾನುಜಾಚಾರ್ಯರ ನೆನಪು ಹೊತ್ತ ಮೇಲುಕೋಟೆಯ ದಾರಿ ಮಾತ್ರ ಬೇರೆ ಪರೀಕ್ಷೆ. ಆ ಏರಿನಲ್ಲಿ 250 ವ್ಯಾಟಿನೊಳಗಿನ ಮೋಟಾರು ಒಂದೇ ಎಳೆಯಲಾರದು, ಸವಾರನೂ ತುಳಿಯಬೇಕು. ಅಗ್ಗದ ಸೈಕಲ್‌ಗಳು ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುತ್ತವೆ. ಟಾರ್ಕ್ ಸೆನ್ಸರ್ ಇರುವವು ಕಾಲಿನ ಬಲವನ್ನು ಅಳೆದು, ಅದಕ್ಕೆ ತಕ್ಕಂತೆ ನೆರವಾಗುತ್ತವೆ. ಮುಂದೆ ಬೆಲೆ ಇಳಿಯಬೇಕಾದದ್ದು ಈ ಸೆನ್ಸರಿನದು. ಹಳ್ಳಿಯವರಿಗೆ ಬಣ್ಣದ ಡಿಸ್‌ಪ್ಲೇ, ಮೊಬೈಲ್ ಆ್ಯಪ್‌ಗಿಂತ ಅದು ಹೆಚ್ಚು ಬೇಕು.

ಕಾನೂನಿನ ತೊಡಕೂ ಇಲ್ಲ. ಮೋಟಾರು 250 ವ್ಯಾಟಿಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿಲೋಮೀಟರಿಗೆ ತಲುಪುವಷ್ಟರಲ್ಲಿ ಅದರ ನೆರವು ನಿಲ್ಲುವುದಾದರೆ, ಮಾನ್ಯತೆ ಪಡೆದ ಸೈಕಲ್ಲಿಗೆ ಲೈಸೆನ್ಸ್ ಬೇಡ, ನೋಂದಣಿ ಬೇಡ.

ತೊಡಕಿರುವುದು ರಿಪೇರಿಯಲ್ಲಿ. ತಾಲ್ಲೂಕಿನ ಸೈಕಲ್ ಷಾಪಿನಲ್ಲಿ ಪಂಕ್ಚರ್, ಚೈನು, ಬ್ರೇಕು ಎಲ್ಲ ಸರಿಯಾಗುತ್ತವೆ. ಮೋಟಾರಿನ ಕಂಟ್ರೋಲರ್ ಕೆಟ್ಟರೆ? ಒಂದೊಂದು ಕಂಪನಿಯದು ಒಂದೊಂದು ಬಗೆಯ ಕನೆಕ್ಟರ್, ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾಯ್ದೆ ಇದಕ್ಕೆ ಮದ್ದು ಹುಡುಕಿದೆ. 2027ರ ಫೆಬ್ರವರಿಯಿಂದ ಅಲ್ಲಿ ಇಂಥ ಲಘು ವಾಹನಗಳ ಬ್ಯಾಟರಿಯನ್ನು, ಅದರೊಳಗಿನ ಒಂಟಿ ಸೆಲ್ಲನ್ನೂ, ಕಂಪನಿಗೆ ಸೇರದ ಮೆಕ್ಯಾನಿಕ್ಕೂ ಬಿಚ್ಚಿ ಬದಲಿಸುವಂತಿರಬೇಕು. ಬ್ಯಾಟರಿಯ ರಸಾಯನಶಾಸ್ತ್ರ ತಾನಾಗಿಯೇ ಸುಧಾರಿಸುತ್ತಿದೆ: ಹೆಚ್ಚು ಬಾಳುವ ಲಿಥಿಯಂ ಐರನ್ ಫಾಸ್ಫೇಟ್ ಬಂದಿದೆ, ಲಿಥಿಯಮ್ಮೇ ಬೇಡದ ಸೋಡಿಯಂ ಸೆಲ್ ಹಿಂದೆಯೇ ಬರುತ್ತಿದೆ. ರಿಪೇರಿಯ ಹಕ್ಕು ಹಾಗೆ ತಾನಾಗಿ ಬರುವುದಿಲ್ಲ, ಸರ್ಕಾರವೇ ಕೊಡಿಸಬೇಕು.

ಎಲೆಕ್ಟ್ರಿಕ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದ ರಾಜ್ಯ ಕರ್ನಾಟಕ. ಅದೇ ವರ್ಷ ಮೈಸೂರಿನಲ್ಲಿ 450 ಸೈಕಲ್‌ಗಳ ‘ಟ್ರಿಣ್ ಟ್ರಿಣ್’ ಬಾಡಿಗೆ ಸೇವೆ ಶುರುವಾಯಿತು. ಬೆಂಗಳೂರಿಗೆ ಬಾಡಿಗೆ ಎಲೆಕ್ಟ್ರಿಕ್ ವಾಹನಗಳ ಯೂಲು ಬಂತು. ಎರಡೂ ನಗರದವು. ಎಲೆಕ್ಟ್ರಿಕ್ ಸೈಕಲ್ಲಿಗೆ ನೇರ ಸಹಾಯಧನ ಕೊಟ್ಟದ್ದೂ ನಗರವೇ: 2022ರಲ್ಲಿ ದೆಹಲಿ, ಮೊದಲ ಹತ್ತು ಸಾವಿರ ಖರೀದಿದಾರರಿಗೆ 5,500 ರೂಪಾಯಿವರೆಗೆ.

ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006–07ರಲ್ಲಿ ಆರಂಭವಾಗಿ, ಕೋವಿಡ್ ಕಾಲದಲ್ಲಿ ನಿಂತಿತು. ಅದನ್ನು ಮತ್ತೆ ತರಬೇಕು. ತರುವಾಗ ಶಾಲೆ ದೂರವಿರುವ ಹಳ್ಳಿಗಳ ಮಕ್ಕಳಿಗಾದರೂ ಮೋಟಾರಿನ ನೆರವಿರುವ ಸೈಕಲ್ ಕೊಡಲಿ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ಐಟಿಐಗಳಲ್ಲಿ ಅದರ ರಿಪೇರಿ ಕಲಿಸಲಿ.